ಸರಿಯಾಯ್ತಲ್ಲ, ಇನ್ನು ಆಸ್ಪತ್ರೆಗೆ ಎಂತಕ್ಕೆ? ಟಿಐಎ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಕಡೆಯ ಒಂದು ಆಸ್ಪತ್ರೆಯ ಕ್ಯಾಶುವಲ್ಟಿಯಲ್ಲಿ ನಾನು ನರ್ಸ್. ಜನ ಕೇಳುವ ಪ್ರಶ್ನೆಗಳನ್ನು ಡೈರಿಯ ಹಿಂದಿನ ಹಾಳೆಗಳಲ್ಲಿ ಗೀಚಿಡುವ ಅಭ್ಯಾಸ ನನಗೆ. ಕೆಲವನ್ನು ಸ್ಟ್ರೆಚರಿನ ಪಕ್ಕ ನಿಂತು ಕೇಳಿದ್ದು, ಕೆಲವನ್ನು ಮದುವೆ ಊಟದ ಪಂಕ್ತಿಯಲ್ಲಿ, ಕೆಲವನ್ನು ನಡುರಾತ್ರಿ ಗಲ್ಫಿನಿಂದ ಫೋನು ಮಾಡಿ. ಕೇಳಿದವರ ಮಾತನ್ನು ಹೆಚ್ಚು ತಿದ್ದಿಲ್ಲ.

## ಮೊದಲು ತಿಳಿಯಬೇಕಾದದ್ದು

ಟಿಐಎ ಅಂದ್ರೆ ಎಂತ ಸಿಸ್ಟರ್? ಲಕ್ವವೇ ಅಲ್ವಾ ಇದು?

ಲಕ್ವದ ತಮ್ಮ ಅನ್ನಿ. ಪೂರ್ತಿ ಹೆಸರು ಟ್ರಾನ್ಸಿಯೆಂಟ್ ಇಸ್ಕೀಮಿಕ್ ಅಟ್ಯಾಕ್. ಮಿದುಳಿನ ಒಂದು ಭಾಗಕ್ಕೆ ಹೋಗುವ ರಕ್ತ ಸ್ವಲ್ಪ ಹೊತ್ತು ನಿಲ್ಲುತ್ತದೆ, ಆಮೇಲೆ ತಾನಾಗಿ ಹರಿಯುತ್ತದೆ. ನಿಂತಷ್ಟು ಹೊತ್ತು ಕೈ ಬಿದ್ದುಹೋಗಬಹುದು, ಬಾಯಿ ವಾರೆಯಾಗಬಹುದು, ಮಾತು ತಡವರಿಸಬಹುದು. ರಕ್ತ ಬಂದ ಕೂಡಲೇ ಎಲ್ಲ ಮೊದಲಿನಂತೆ. ಹೆಚ್ಚಿನವು ಒಂದು ಗಂಟೆಯೊಳಗೆ ಮುಗಿಯುತ್ತವೆ, ಎಷ್ಟೋ ಸಲ ಕೆಲವೇ ನಿಮಿಷಗಳಲ್ಲಿ.

ಅಡಿಕೆ ತೋಟದವರಿಗೆ ನಾನು ಹೀಗೆ ಹೇಳುತ್ತೇನೆ. ಸ್ಪ್ರಿಂಕ್ಲರಿಗೆ ಕಸ ಸಿಕ್ಕಿ ನೀರು ನಿಂತಿತು. ಒತ್ತಡಕ್ಕೆ ಕಸ ಹಾರಿ ಮತ್ತೆ ತಿರುಗಿತು. ತಿರುಗಿತಲ್ಲ ಅಂತ ಸುಮ್ನೆ ಮನೆಗೆ ಹೋಗ್ತೀರಾ? ಕಸ ಎಲ್ಲಿಂದ ಬಂತು ಅಂತ ಹುಡುಕ್ತೀರಿ ತಾನೇ.

ಹತ್ತು ನಿಮಿಷದಲ್ಲಿ ಸರಿಯಾಯ್ತು. ಅಪ್ಪ ಚಾ ಕುಡಿದು ಪೇಪರ್ ಓದ್ತಾ ಇದ್ದಾರೆ. ಇನ್ನು ಆಸ್ಪತ್ರೆ ಎಂತಕ್ಕೆ?

ನನ್ನ ಡೈರಿಯಲ್ಲಿ ಅತಿ ಹೆಚ್ಚು ಸಲ ಇರುವ ಪ್ರಶ್ನೆ ಇದು.

ಚಿಕಿತ್ಸೆ ಇಲ್ಲದೆ ಬಿಟ್ಟರೆ, ಟಿಐಎ ಆದ ನೂರು ಜನರಲ್ಲಿ ಸುಮಾರು ಹತ್ತು ಜನಕ್ಕೆ ಮೂರು ತಿಂಗಳೊಳಗೆ ನಿಜವಾದ ಸ್ಟ್ರೋಕ್, ಅಂದರೆ ಲಕ್ವ, ಆಗುತ್ತದೆ ಅಂತ ಹಳೆಯ ಅಧ್ಯಯನಗಳು ಹೇಳಿವೆ. ಅದರಲ್ಲಿ ಅರ್ಧದಷ್ಟು ಆಗುವುದು ಮೊದಲ 2 ದಿನಗಳಲ್ಲೇ. ಅಂದರೆ 'ನಾಳೆ ನೋಡುವಾ' ಅನ್ನುವ ಆ ನಾಳೆಯೇ ಅಪಾಯದ ದಿನ.

ಒಳ್ಳೆಯ ಸುದ್ದಿಯೂ ಉಂಟು. 2007ರಲ್ಲಿ ಆಕ್ಸ್‌ಫರ್ಡಿನಿಂದ ಒಂದು ಅಧ್ಯಯನ ಬಂತು. ಟಿಐಎ ಮತ್ತು ಸಣ್ಣ ಸ್ಟ್ರೋಕ್ ಆದವರನ್ನು ಅಂದೇ ನೋಡಿ, ಅಂದೇ ಮದ್ದು ಶುರುಮಾಡಿದರು. ಮೂರು ತಿಂಗಳಲ್ಲಿ ಸ್ಟ್ರೋಕ್ ಆಗುವ ಪ್ರಮಾಣ ಶೇಕಡಾ 10.3ರಿಂದ 2.1ಕ್ಕೆ ಇಳಿಯಿತು. ಕೊಟ್ಟದ್ದು ಹೊಸ ಮದ್ದೇನೂ ಅಲ್ಲ, ಇದ್ದ ಮದ್ದನ್ನೇ ಬೇಗ ಕೊಟ್ಟದ್ದು.

ಇನ್ನೊಂದು ಮಾತು. 'ಸರಿಯಾಯ್ತು' ಅಂತ ತೀರ್ಮಾನ ಮಾಡಿದ್ದು ಯಾರು? ಚಾ ಲೋಟ ಹಿಡಿದರು ಅಂದರೆ ಕೈ ಪೂರ್ತಿ ಸರಿ ಅಂತ ಅಲ್ಲ. ಅಂಗಿಯ ಗುಬ್ಬಿ (ಗುಂಡಿ) ಹಾಕಲು ಹೇಳಿ ನೋಡಿ. ಅಲ್ಲಿ ಬೆರಳು ತಡವರಿಸಿದರೆ ಇನ್ನೂ ಮುಗಿದಿಲ್ಲ ಅಂತ ಅರ್ಥ. ಆಗ ಅದು ಟಿಐಎ ಅಲ್ಲ, ನಡೆಯುತ್ತಿರುವ ಸ್ಟ್ರೋಕ್. ಅದು ಹೌದೋ ಅಲ್ಲವೋ ಅಂತ ಮನೆಯಲ್ಲಿ ಹೇಳಲಿಕ್ಕೆ ಆಗುವುದಿಲ್ಲ.

ವಾಟ್ಸಾಪಿನಲ್ಲಿ ಬರುತ್ತದಲ್ಲ, ನಗಿಸಿ, ಕೈ ಎತ್ತಿಸಿ, ಮಾತಾಡಿಸಿ ಅಂತ. ಅದು ಸಾಕಾ?

ವಾಟ್ಸಾಪಿನಲ್ಲಿ ಬರುವ ಆರೋಗ್ಯದ ಮಾತುಗಳಲ್ಲಿ ನಂಬಬಹುದಾದದ್ದು ಅಪರೂಪ. ಇದು ಅವುಗಳಲ್ಲಿ ಒಂದು. ನಗುವಾಗ ಬಾಯಿ ಒಂದು ಬದಿಗೆ ಜಾರುತ್ತದಾ ನೋಡಿ. ಎರಡೂ ಕೈ ಮುಂದೆ ಚಾಚಿ ಕಣ್ಣು ಮುಚ್ಚಲು ಹೇಳಿ, ಒಂದು ಕೈ ಮೆಲ್ಲ ಕೆಳಗಿಳಿಯುತ್ತದಾ ನೋಡಿ. ಒಂದು ಪೂರ್ತಿ ವಾಕ್ಯ ಹೇಳಿಸಿ. ಇದರ ಜೊತೆ ಇನ್ನೆರಡು ಸೇರಿಸಿಕೊಳ್ಳಿ: ಒಮ್ಮೆಲೇ ತೂಕ ತಪ್ಪಿ ಒಂದು ಬದಿಗೆ ವಾಲುವುದು, ಒಮ್ಮೆಲೇ ಕಣ್ಣು ಕಾಣದಿರುವುದು ಅಥವಾ ಎರಡೆರಡು ಕಾಣುವುದು.

ಮಾತಿನ ಪರೀಕ್ಷೆಯಲ್ಲಿ ನಮ್ಮೂರಿಗೆ ಒಂದು ತೊಡಕುಂಟು. ಇಲ್ಲಿ ಒಂದೇ ಮನೆಯಲ್ಲಿ ಹವ್ಯಕ ಕನ್ನಡ, ತುಳು, ಮಲಯಾಳಂ ಮೂರೂ ಓಡುತ್ತವೆ. ಪರೀಕ್ಷೆಯನ್ನು ಅವರ ಮನೆಮಾತಿನಲ್ಲೇ ಮಾಡಿ. ಅಜ್ಜಿಗೆ ಬಾರದ ಪುಸ್ತಕದ ಕನ್ನಡದಲ್ಲಿ ಕೇಳಿದರೆ ಆರೋಗ್ಯವಂತ ಅಜ್ಜಿಯೂ ತಡವರಿಸಿಯಾರು. 'ತೋಟಕ್ಕೆ ಮದ್ದು ಬಿಡ್ಲಿಕ್ಕೆ ಇವತ್ತು ಯಾರು ಬಂದಿದ್ದಾರೆ?' ಅಂತ ಕೇಳಿ. ಉತ್ತರ ಗೊತ್ತಿರುವ ಪ್ರಶ್ನೆ ಕೇಳಿದರೆ ತಪ್ಪು ಬೇಗ ಕಾಣುತ್ತದೆ.

ಮಾತು ಕೆಡುವುದು ಎರಡು ರೀತಿ. ಒಂದು, ನಾಲಗೆ ದಪ್ಪವಾದ ಹಾಗೆ ತೊದಲುವುದು. ಇನ್ನೊಂದು, ಉಚ್ಚಾರ ಸರಿಯೇ ಇದ್ದು ಪದ ಸಿಗದಿರುವುದು, ಅಥವಾ ಅರ್ಥವಿಲ್ಲದ್ದನ್ನು ಸರಾಗವಾಗಿ ಹೇಳುವುದು. ಈ ಎರಡನೆಯದನ್ನು ಮನೆಯವರು 'ಅಜ್ಜನಿಗೆ ಅರಳುಮರಳು' ಅಂತ ಬಿಟ್ಟುಬಿಡುತ್ತಾರೆ. ಅರಳುಮರಳು ಮಧ್ಯಾಹ್ನ ಮೂರು ಗಂಟೆಗೆ ಒಮ್ಮೆಲೇ ಶುರುವಾಗುವುದಿಲ್ಲ.

ಅಪ್ಪನ ಬಾಯಲ್ಲಿ ಕವಳ ಇತ್ತು. ತೊದಲಿದ್ದು ಅದಕ್ಕೇ ಅಂತ ಭಾವಿಸಿದೆವು.

ಮೊದಲು ಉಗುಳಿಸಿ, ಬಾಯಿ ಒರೆಸಿ, ಆಮೇಲೆ ಮಾತಾಡಿಸಿ. ಹಲ್ಲಿನ ಸೆಟ್ ತೆಗೆದಿಟ್ಟಿದ್ದರೆ ಹಾಕಿಸಿ ನೋಡಿ. ಸೆಟ್ ಇಲ್ಲದೆ ಮುಖ ಒಂದು ಬದಿಗೆ ಜಾರಿದಂತೆ ಕಂಡು ನಾವೇ ಗಾಬರಿಯಾದದ್ದುಂಟು. ಆದರೆ ಎಲೆಯಡಿಕೆ ರಸ ಒಂದೇ ಕಡೆಯಿಂದ ಸೋರುತ್ತಿದ್ದರೆ, ಅದು ಅವರಿಗೇ ಗೊತ್ತಾಗದಿದ್ದರೆ, ಕವಳದ ಮೇಲೆ ಗೂಬೆ ಕೂರಿಸಬೇಡಿ.

ಒಂದು ಕಣ್ಣಿಗೆ ಪರದೆ ಇಳಿದ ಹಾಗೆ ಆಗಿ ಐದು ನಿಮಿಷದಲ್ಲಿ ಹೋಯ್ತು. ಕಣ್ಣಿನ ಡಾಕ್ಟರರ ಹತ್ತಿರ ಹೋದರೆ ಸಾಕಲ್ವಾ?

ಸಾಲದು. ಕಣ್ಣಿನ ಒಳಪರದೆಗೆ (ರೆಟಿನಾ) ಹೋಗುವ ರಕ್ತನಾಳ ಕುತ್ತಿಗೆಯ ದೊಡ್ಡ ರಕ್ತನಾಳದಿಂದಲೇ ಕವಲೊಡೆದು ಬರುವುದು. ಅಲ್ಲಿ ಕೊಬ್ಬು ಕಟ್ಟಿ, ಅದರ ಚೂರು ಹಾರಿದರೆ ಮೊದಲು ಕಣ್ಣು ಮಸುಕಾಗಬಹುದು. ಮುಂದಿನ ಚೂರು ಮಿದುಳಿಗೆ ಹೋದೀತು. ನೋವಿಲ್ಲದೆ ಒಂದೇ ಕಣ್ಣು ಕತ್ತಲಾಗಿ ಮರಳಿದರೆ ಅಂದೇ ತುರ್ತು ವಿಭಾಗಕ್ಕೆ ಬನ್ನಿ. ಬರುವ ಮೊದಲು ಒಂದು ನೆನಪು ಮಾಡಿಕೊಳ್ಳಿ: ಒಂದೊಂದೇ ಕಣ್ಣು ಮುಚ್ಚಿ ನೋಡಿದ್ದಿರಾ? ಕತ್ತಲಾದದ್ದು ಒಂದು ಕಣ್ಣಾ, ಅಥವಾ ಎರಡೂ ಕಣ್ಣಿನ ಒಂದೇ ಬದಿಯಾ? ಡಾಕ್ಟರಿಗೆ ಇದು ದೊಡ್ಡ ಸುಳಿವು.

## ಮನೆಯಿಂದ ಹೊರಡುವ ಹೊತ್ತು

ಮನೆಯಲ್ಲಿ ಆಸ್ಪಿರಿನ್ ಉಂಟು. ಒಂದು ಕೊಟ್ಟು ಹೊರಡುವುದಾ?

ಬೇಡ. ಎದೆನೋವಿಗೆ ಕೊಡುತ್ತಾರೆ ಅಂತ ಇಲ್ಲಿಗೂ ಕೊಡಲು ಹೊರಡುತ್ತಾರೆ. ರಕ್ತನಾಳ ಕಟ್ಟಿದ್ದಾ, ಒಡೆದದ್ದಾ ಅಂತ ಹೊರಗಿನಿಂದ ನೋಡಿ ಹೇಳಲು ಯಾರಿಂದಲೂ ಆಗುವುದಿಲ್ಲ. ಒಡೆದಿದ್ದರೆ ಆಸ್ಪಿರಿನ್ ತೊಂದರೆ ಹೆಚ್ಚಿಸುತ್ತದೆ. ನೀರು, ಗಂಜಿ, ಕಷಾಯ ಏನೂ ಬೇಡ. ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಬಿಪಿ ನೋಡಿದೆವು, 190 ಇತ್ತು. ಬಿಪಿ ಮಾತ್ರೆ ಇನ್ನೊಂದು ಕೊಟ್ಟೆವು. ತಪ್ಪಾ?

ಇನ್ನು ಮುಂದೆ ಕೊಡಬೇಡಿ. ಕಟ್ಟಿದ ಜಾಗಕ್ಕೆ ರಕ್ತ ತಲುಪಿಸಲು ದೇಹವೇ ಬಿಪಿ ಏರಿಸಿಕೊಂಡಿರುತ್ತದೆ ಎಷ್ಟೋ ಸಲ. ಥಟ್ಟನೆ ಇಳಿಸಿದರೆ ಮಿದುಳಿಗೆ ಇದ್ದ ಅಲ್ಪಸ್ವಲ್ಪ ರಕ್ತವೂ ತಪ್ಪುತ್ತದೆ. ಎಷ್ಟು ಇಳಿಸಬೇಕು ಅನ್ನುವುದನ್ನು ಸ್ಕ್ಯಾನ್ ಆದ ಮೇಲೆ ಡಾಕ್ಟರು ನಿರ್ಧರಿಸುತ್ತಾರೆ. ನೀವು ಕೊಟ್ಟ ಮಾತ್ರೆಯ ಹೆಸರು, ಕೊಟ್ಟ ಹೊತ್ತು ತಪ್ಪದೆ ಹೇಳಿ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ.

ನಾವು ಮಂಜೇಶ್ವರದ ಒಳಗಿನವರು. ಮಂಗಳೂರಿಗೆ ಹೋಗುವುದಾ, ಕಾಸರಗೋಡಿಗಾ?

ಹೆಸರು ದೊಡ್ಡದಿರುವ ಆಸ್ಪತ್ರೆಗೆ ಅಲ್ಲ, ಹೊತ್ತಿಗೆ ಸಿಗುವ ಆಸ್ಪತ್ರೆಗೆ. ಫೋನು ಮಾಡಿ ಎರಡೇ ಪ್ರಶ್ನೆ ಕೇಳಿ: 'ಈಗ ಸಿಟಿ ಸ್ಕ್ಯಾನ್ ಆಗುತ್ತದಾ? ಸ್ಟ್ರೋಕಿಗೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತೀರಾ?' ಎರಡಕ್ಕೂ ಹೌದು ಅಂದವರಲ್ಲಿ ಯಾರು ಹತ್ತಿರವೋ ಅಲ್ಲಿಗೆ. ಮಂಜೇಶ್ವರ ಪೇಟೆಯಿಂದ ಮಂಗಳೂರು ಸುಮಾರು 20 ಕಿಲೋಮೀಟರ್. ಕಾಸರಗೋಡು ಪೇಟೆಯಿಂದಾದರೆ ಸುಮಾರು 50. ಮುಳ್ಳೇರಿಯ, ಆದೂರು ಕಡೆಯವರ ಲೆಕ್ಕವೇ ಬೇರೆ. ಹಾಗಾಗಿ ಎಲ್ಲರಿಗೂ ಒಂದೇ ಉತ್ತರ ಇಲ್ಲ. ಈ ಫೋನನ್ನು ಕಾಯಿಲೆ ಬಂದಾಗ ಅಲ್ಲ, ಇವತ್ತೇ ಮಾಡಿ ನಂಬರು ಗೋಡೆಗೆ ಅಂಟಿಸಿ.

ಆ ಇಂಜೆಕ್ಷನ್ ಕೊಡಬಹುದಾದದ್ದು ಸಾಮಾನ್ಯವಾಗಿ ಲಕ್ಷಣ ಶುರುವಾಗಿ ನಾಲ್ಕೂವರೆ ಗಂಟೆಯೊಳಗೆ. ಟಿಐಎ ಆದವರಿಗೆ ಅದು ಬೇಡ. ಆದರೆ ದಾರಿಯಲ್ಲಿ ಮತ್ತೆ ಕೈ ಬಿದ್ದರೆ ಬೇಕಾಗುತ್ತದೆ.

108ಕ್ಕೆ ಕರೆ ಮಾಡುವಾಗ ಒಂದು ಎಚ್ಚರ. ಗಡಿಯ ಹತ್ತಿರ ಮೊಬೈಲು ಆಚೆ ಕಡೆಯ ಟವರ್ ಹಿಡಿದರೆ ಕರೆಯೂ ಆಚೆ ರಾಜ್ಯಕ್ಕೆ ಹೋಗಬಹುದು. ಊರು, ಪಂಚಾಯತು, ರಾಜ್ಯ ಮೂರನ್ನೂ ಮೊದಲೇ ಹೇಳಿ. 2020ರಲ್ಲಿ ಕೊರೋನಾ ಹೊತ್ತಿಗೆ ತಲಪಾಡಿಯಲ್ಲಿ ಗಡಿ ಮುಚ್ಚಿ ಆಂಬುಲೆನ್ಸುಗಳು ನಿಂತದ್ದನ್ನು ಈ ಭಾಗದ ಯಾರೂ ಮರೆತಿಲ್ಲ. ಹತ್ತಿರದಲ್ಲೇ ಒಂದು ಎರಡನೇ ದಾರಿ ಯೋಚಿಸಿಟ್ಟುಕೊಳ್ಳಿ ಅಂತ ನಾನು ಹೇಳುವುದು ಅದಕ್ಕೇ.

ಅಮ್ಮ ಊರಲ್ಲಿ ಒಬ್ಬರೇ. ನಾವು ದುಬೈಯಲ್ಲಿ. ಫೋನಿನಲ್ಲಿ ಗೊತ್ತಾಗುತ್ತದಾ?

ವೀಡಿಯೋ ಕಾಲ್ ಮಾಡಿ. ನಗಲು ಹೇಳಿ. ಫೋನನ್ನು ಎಲ್ಲಿಯಾದರೂ ಒರಗಿಸಿಟ್ಟು ಎರಡೂ ಕೈ ಎತ್ತಲು ಹೇಳಿ. ಒಮ್ಮೆ ನಮ್ಮಲ್ಲಿಗೆ ಬಂದವರೊಬ್ಬರ ಬಾಯಿ ವಾರೆಯಾದದ್ದನ್ನು ಮೊದಲು ಕಂಡದ್ದು ಕುವೈತಿನಲ್ಲಿದ್ದ ಮಗ. ಪಕ್ಕದಲ್ಲೇ ಕೂತಿದ್ದವರಿಗೆ ಕಂಡಿರಲಿಲ್ಲ. ಸಂಶಯ ಬಂದರೆ ಫೋನು ಇಡಬೇಡಿ, ಇನ್ನೊಂದು ಫೋನಿನಿಂದ ನೆರೆಮನೆಯವರನ್ನು ಕರೆಯಿರಿ. ವಿದೇಶದಿಂದ 108 ಒತ್ತಿದರೆ ಇಲ್ಲಿಗೆ ಬರುವುದಿಲ್ಲ. ನೆರೆಮನೆಯ ಒಂದು ನಂಬರು, ಊರಿನ ಒಬ್ಬ ಆಂಬುಲೆನ್ಸ್ ಡ್ರೈವರನ ನಂಬರು ನಿಮ್ಮ ಫೋನಿನಲ್ಲಿ ಇರಲಿ.

## ಕ್ಯಾಶುವಲ್ಟಿಯ ಒಳಗೆ

ಡಾಕ್ಟರು ಮಲಯಾಳಂ ಮಾತಾಡ್ತಾರೆ. ನಮಗೆ ಕನ್ನಡ, ತುಳು ಬಿಟ್ಟು ಬೇರೆ ಬಾರದು. ಹೇಗೆ ಹೇಳುವುದು?

ನನ್ನನ್ನು ಕೇಳಿದರೆ ಟಿಐಎ ತಪ್ಪಿಹೋಗುವುದು ಜಾಸ್ತಿ ಇಲ್ಲೇ. ಯಂತ್ರದಲ್ಲಿ ಅಲ್ಲ, ಮಾತಿನಲ್ಲಿ.

ಯಾಕೆಂದರೆ ಬರುವಾಗ ರೋಗಿ ಸರಿಯಾಗಿರುತ್ತಾರೆ. ತಪಾಸಣೆಯಲ್ಲಿ ಏನೂ ಸಿಗುವುದಿಲ್ಲ. ಡಾಕ್ಟರಿಗೆ ಉಳಿಯುವುದು ನೀವು ಹೇಳುವ ಕಥೆ ಒಂದೇ. ಆ ಕಥೆಯಲ್ಲಿ 'ಕೈ ಸುಸ್ತಾಯ್ತು' ಅಂದಿರೋ, ಸುಸ್ತು ಅಂತಲೇ ಚೀಟಿಯಲ್ಲಿ ಬೀಳುತ್ತದೆ. ಸುಸ್ತಿಗೆ ಗ್ಲೂಕೋಸ್ ಹಾಕಿ ಕಳಿಸುವವರೂ ಇದ್ದಾರೆ. 'ಬಲಗೈಯಲ್ಲಿ ಲೋಟ ಹಿಡಿಯಲು ಆಗಲಿಲ್ಲ, ಕೆಳಗೆ ಬಿತ್ತು' ಅನ್ನಿ. 'ತಲೆ ಒಂದು ನಮೂನೆ ಆಯ್ತು' ಅನ್ನಬೇಡಿ. ತಿರುಗಿತಾ, ಕಣ್ಣು ಕತ್ತಲಾಯಿತಾ, ನಡೆಯುವಾಗ ಎಡಕ್ಕೆ ಎಳೆಯಿತಾ, ಬಿಡಿಸಿ ಹೇಳಿ. ಜೋಮು ಹಿಡಿಯುವುದೂ ಸ್ಪರ್ಶವೇ ಗೊತ್ತಾಗದಿರುವುದೂ ಬೇರೆ ಬೇರೆ.

ಮಲಯಾಳಂನ ಎರಡು ವಾಕ್ಯ ಬಾಯಿಪಾಠ ಮಾಡಿಟ್ಟುಕೊಳ್ಳಿ. 'ವಲತ್ತೇ ಕೈಕ್ಕ್ ಬಲಂ ಇಲ್ಲಾಯಿರುನ್ನು, ಇಪ್ಪೋಳ್ ಶರಿಯಾಯಿ.' ಬಲಗೈಗೆ ಶಕ್ತಿ ಇರಲಿಲ್ಲ, ಈಗ ಸರಿಯಾಯಿತು ಅಂತ. ಎಡಗೈಯಾದರೆ 'ಇಡತ್ತೇ'. ಇನ್ನೊಂದು, 'ಸಂಸಾರಿಕ್ಕಾನ್ ಪಟ್ಟಿಯಿಲ್ಲ.' ಮಾತಾಡಲು ಆಗಲಿಲ್ಲ ಅಂತ. ಅವರು 'ಸಂಸಾರ' ಸರಿ ಇದೆಯಾ ಅಂತ ಕೇಳಿದರೆ ಮನೆಯ ಗುಟ್ಟು ಕೇಳುತ್ತಿದ್ದಾರೆ ಅಂತ ಮುಖ ಗಂಟು ಹಾಕಬೇಡಿ. ಮಲಯಾಳಂನಲ್ಲಿ ಸಂಸಾರ ಅಂದರೆ ಮಾತು. ಒಬ್ಬ ಮಾವನವರು 'ನಮ್ಮ ಸಂಸಾರಕ್ಕೇನಾಗಿದೆ, ಚೆನ್ನಾಗಿದೆ' ಅಂತ ಗದರಿದ್ದು ನನಗೆ ಇನ್ನೂ ನೆನಪು.

ಆದಾಗ ಕಣ್ಣಾರೆ ನೋಡಿದವರನ್ನೇ ಕರೆತನ್ನಿ. ತೋಟದಲ್ಲಿ ಜೊತೆಗಿದ್ದ ಆಳು ಆಗಿದ್ದರೆ ಅವನನ್ನೇ. ಕಾರಿನಲ್ಲಿ ಜಾಗ ಇಲ್ಲ ಅಂತ ಅವನನ್ನು ಬಿಟ್ಟು ನಾಲ್ಕು ಜನ ನೆಂಟರು ಬಂದರೆ ಪ್ರಯೋಜನ ಇಲ್ಲ.

ಎಷ್ಟು ಗಂಟೆಗೆ ಅಂತ ಹತ್ತು ಸಲ ಕೇಳ್ತಾರೆ. ಬೆಳಿಗ್ಗೆ ಏಳುವಾಗಲೇ ಹಾಗೆ ಇತ್ತು, ನಾವೆಂತ ಹೇಳುವುದು?

ಶುರುವಾದದ್ದು ಗೊತ್ತಿಲ್ಲದಿದ್ದರೆ, ಕೊನೆಗೆ ಸರಿ ಇದ್ದದ್ದು ಯಾವಾಗ ಅಂತ ಹೇಳಿ. ರಾತ್ರಿ ಯಕ್ಷಗಾನದ ಆಟ ನೋಡಿ ಬಂದು ಎರಡು ಗಂಟೆಗೆ ಮಲಗುವಾಗ ಸರಿ ಇದ್ದರು, ಐದಕ್ಕೆ ಬಚ್ಚಲಿಗೆ ಹೋಗುವಾಗಲೂ ಸರಿ ನಡೆದರು. ಹಾಗಾದರೆ ಲೆಕ್ಕ ಐದರಿಂದ. ಆ ಮೂರು ಗಂಟೆಯ ವ್ಯತ್ಯಾಸಕ್ಕೆ ಚಿಕಿತ್ಸೆಯೇ ಬದಲಾದೀತು.

ಲಕ್ವ ಅಂತ ಕರೆತಂದರೆ ಮೊದಲು ಬೆರಳು ಚುಚ್ಚಿ ಶುಗರ್ ನೋಡಿದರು. ಎಂತಕ್ಕೆ?

ಶುಗರ್ ತೀರಾ ಇಳಿದರೆ ಅದು ಲಕ್ವದ ವೇಷ ಹಾಕುತ್ತದೆ. ಒಂದು ಬದಿ ಬಿದ್ದುಹೋಗುವುದೂ ಉಂಟು, ತೊದಲುವುದೂ ಉಂಟು. ಗ್ಲೂಕೋಸ್ ಕೊಟ್ಟ ಕೂಡಲೇ ಎದ್ದು ಕೂರುತ್ತಾರೆ. ಇನ್ಸುಲಿನ್ ತೆಗೆದುಕೊಂಡು ಏಕಾದಶಿ ಉಪವಾಸ ಅಥವಾ ರಂಜಾನ್ ಉಪವಾಸ ಮಾಡಿದವರಲ್ಲಿ ನಾವು ಮೊದಲು ಯೋಚಿಸುವುದೇ ಇದನ್ನು.

ಎಚ್ಚರ ತಪ್ಪಿ ಬಿದ್ದು ಎದ್ದರು. ಅದೂ ಟಿಐಎಯಾ?

ಸಾಮಾನ್ಯವಾಗಿ ಅಲ್ಲ. ಬರೀ ಎಚ್ಚರ ತಪ್ಪಿದರೆ ಹೃದಯದ ಕಡೆ, ಬಿಪಿ ಇಳಿದ ಕಡೆ ಹೆಚ್ಚು ನೋಡುತ್ತೇವೆ. ಟಿಐಎಯ ಸ್ವಭಾವ ಎರಡು: ಒಮ್ಮೆಲೇ ಬರುವುದು, ಇದ್ದದ್ದನ್ನು ಕಸಿಯುವುದು. ಶಕ್ತಿ ಹೋಗುತ್ತದೆ, ದೃಷ್ಟಿ ಹೋಗುತ್ತದೆ, ಮಾತು ಹೋಗುತ್ತದೆ. ಇಲ್ಲದ್ದು ಹೊಸದಾಗಿ ಬಂದರೆ ಬೇರೆ ಕಾರಣ ಇರಬಹುದು. ಕಣ್ಣೆದುರು ಮಿಂಚಿನ ಗೆರೆ ಮೆಲ್ಲ ಹರಡಿ ಆಮೇಲೆ ತಲೆನೋವು ಬಂದರೆ ಮೈಗ್ರೇನ್. ಕೈ ಅದುರಿ, ಆಮೇಲೆ ಅದೇ ಕೈ ಸ್ವಲ್ಪ ಹೊತ್ತು ಬಿದ್ದರೆ ಫಿಟ್ಸ್ ಇರಬಹುದು. ಹುಬ್ಬು ಏರಿಸಲೂ ಆಗದೆ ಮುಖದ ಒಂದು ಬದಿ ಪೂರ್ತಿ ಜಾರಿದರೆ ಮುಖದ ನರದ ತೊಂದರೆ ಇರಬಹುದು. ಇದನ್ನೆಲ್ಲ ಬರೆದದ್ದು ನಮ್ಮ ಯೋಚನೆ ಹೇಗೆ ಓಡುತ್ತದೆ ಅಂತ ತಿಳಿಸಲು ಮಾತ್ರ. ಮನೆಯಲ್ಲಿ ಕೂತು ಮೈಗ್ರೇನ್ ಅಂತ ತೀರ್ಪು ಕೊಡಲು ಅಲ್ಲ.

ಸಿಟಿ ನಾರ್ಮಲ್ ಬಂತು. ಹಾಗಾದ್ರೆ ಏನೂ ಇಲ್ಲ ಅಂತ ಆಯ್ತಲ್ವಾ?

ಸಿಟಿ ಮಾಡುವುದು ಮುಖ್ಯವಾಗಿ ರಕ್ತ ಸೋರಿಲ್ಲ ಅಂತ ಖಚಿತಪಡಿಸಲು. ಟಿಐಎಯಲ್ಲಿ ಸಿಟಿ ನಾರ್ಮಲ್ ಇರುವುದೇ ಮಾಮೂಲು. ಎಂಆರ್‌ಐಯಲ್ಲಿ ಡಿಫ್ಯೂಷನ್ ಅನ್ನುವ ಚಿತ್ರ ತೆಗೆದರೆ, ಪೂರ್ತಿ ಸರಿಯಾದವರಲ್ಲೂ ಸುಮಾರು ಮೂರರಲ್ಲಿ ಒಬ್ಬರಿಗೆ ಸಣ್ಣ ಗಾಯ ಕಾಣಿಸುತ್ತದೆ. 'ನಾರ್ಮಲ್, ಮನೆಗೆ ಹೋಗಿ' ಅಂದರೆ ಮೆಲ್ಲ ಕೇಳಿ: ಇದು ಟಿಐಎ ಆಗಿರಬಹುದಾ, ಮದ್ದು ಇವತ್ತೇ ಶುರುವಾಗಬೇಕಾ? ಕೇಳುವುದು ಉದ್ಧಟತನ ಅಲ್ಲ.

## ನರ್ಸಿಂಗ್ ಮಕ್ಕಳು, ಆಂಬುಲೆನ್ಸಿನವರು ಕೇಳಿದ್ದು

ನಾವು 24 ಗಂಟೆಯೊಳಗೆ ಸರಿಯಾದರೆ ಟಿಐಎ ಅಂತ ಓದಿದ್ದು. ಈಗ ಹಾಗಲ್ವಾ?

ಅದು ಹಳೆಯ ಗಡಿಯಾರದ ಲೆಕ್ಕ. 2009ರಲ್ಲಿ ಅಮೆರಿಕದ ಹಾರ್ಟ್ ಅಸೋಸಿಯೇಷನ್ ಮತ್ತು ಸ್ಟ್ರೋಕ್ ಅಸೋಸಿಯೇಷನ್ ಗಡಿಯಾರ ಬಿಟ್ಟು ಮಿದುಳನ್ನೇ ನೋಡಿ ಅಂದವು. ಲಕ್ಷಣ ಹತ್ತೇ ನಿಮಿಷ ಇರಲಿ, ಮಿದುಳಿನಲ್ಲಿ ಗಾಯ ಕಂಡರೆ ಅದು ಸ್ಟ್ರೋಕ್. ಗಾಯ ಇಲ್ಲದಿದ್ದರೆ ಟಿಐಎ. ಕ್ಯಾಶುವಲ್ಟಿಯ ಕೆಲಸಕ್ಕೆ ಇದರ ಅರ್ಥ ಇಷ್ಟೇ: ಲಕ್ಷಣ ಇನ್ನೂ ಇದ್ದರೆ 'ಟಿಐಎ ಇರಬಹುದು, ಹೋಗುತ್ತದೆ' ಅಂತ ಕಾಯಬಾರದು. ಸ್ಟ್ರೋಕ್ ಅಂತಲೇ ಓಡಬೇಕು.

ಎಬಿಸಿಡಿ2 ಸ್ಕೋರ್ ಮೂರು ಬಂತು. ಕಡಿಮೆ ಅಲ್ವಾ, ಮನೆಗೆ ಕಳಿಸಬಹುದಲ್ಲ?

ಟಿಐಎ ಆದವರಿಗೆ ಮುಂದೆ ಸ್ಟ್ರೋಕ್ ಆಗುವ ಅಪಾಯ ಎಷ್ಟು ಅಂತ ಅಳೆಯುವ ಅಂಕದ ಪಟ್ಟಿ ಇದು. ಲೆಕ್ಕ ಮೊದಲು. ವಯಸ್ಸು 60 ಅಥವಾ ಹೆಚ್ಚು, 1. ಬಿಪಿ 140/90 ಅಥವಾ ಹೆಚ್ಚು, 1. ಒಂದು ಬದಿಯ ಬಲ ಹೋದರೆ 2, ಬಲ ಸರಿ ಇದ್ದು ಮಾತು ಮಾತ್ರ ಕೆಟ್ಟರೆ 1. ಒಂದು ಗಂಟೆ ಅಥವಾ ಜಾಸ್ತಿ ಇದ್ದರೆ 2, ಹತ್ತು ನಿಮಿಷದಿಂದ 59 ನಿಮಿಷ ಇದ್ದರೆ 1. ಸಕ್ಕರೆ ಕಾಯಿಲೆಗೆ 1. ಒಟ್ಟು 7.

ಈಗ ಅದರ ಕುಂದು. ಕುತ್ತಿಗೆಯ ರಕ್ತನಾಳ ಮುಕ್ಕಾಲು ಮುಚ್ಚಿಹೋದ 55 ವರ್ಷದವರಿಗೆ ಐದು ನಿಮಿಷ ಮಾತು ಹೋಗಿ ಬಂದರೆ ಅವರ ಸ್ಕೋರು ಬರೀ 1 ಆಗಬಹುದು. ಹೃದಯದ ಬಡಿತ ತಪ್ಪುವುದು ಈ ಲೆಕ್ಕದಲ್ಲೇ ಇಲ್ಲ. ಮಿದುಳಿನ ಹಿಂಭಾಗದ ಟಿಐಎಗೂ ಅಂಕ ಸಿಗುವುದು ಕಷ್ಟ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ 2019ರಲ್ಲಿ, ಯಾರನ್ನು ಬೇಗ ನೋಡಬೇಕು ಅಂತ ನಿರ್ಧರಿಸಲು ಸ್ಕೋರ್ ಬಳಸಬೇಡಿ ಅಂತಲೇ ಹೇಳಿತು. ಸ್ಕೋರ್ ಹೆಚ್ಚಿದ್ದರೆ ಹೆದರಲು ಕಾರಣ. ಕಡಿಮೆ ಇದ್ದರೆ ನಿದ್ದೆ ಮಾಡಲು ಕಾರಣ ಅಲ್ಲ.

ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್ ಕೊಟ್ಟು 21 ದಿನಕ್ಕೆ ಒಂದನ್ನು ನಿಲ್ಲಿಸಿದರು. ಎರಡೂ ಒಳ್ಳೆಯದಾದರೆ ನಿಲ್ಲಿಸುವುದು ಯಾಕೆ?

ಎರಡೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳು. ಚೀನಾದಲ್ಲಿ ನಡೆದು 2013ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ಎರಡನ್ನೂ ಮೊದಲ 21 ದಿನ ಕೊಟ್ಟರು. ಸ್ಟ್ರೋಕ್ ಕಡಿಮೆಯಾಯಿತು, ರಕ್ತಸ್ರಾವ ಏರಲಿಲ್ಲ. 2018ರ ಇನ್ನೊಂದರಲ್ಲಿ 90 ದಿನ ಕೊಟ್ಟರು. ಲಾಭ ಸಿಕ್ಕಿತು, ಆದರೆ ದೊಡ್ಡ ರಕ್ತಸ್ರಾವವೂ ಜಾಸ್ತಿಯಾಯಿತು. ಲಾಭದ ಹೆಚ್ಚಿನ ಪಾಲು ಮೊದಲ ಮೂರು ವಾರದಲ್ಲೇ ಇತ್ತು. ಅದಕ್ಕೇ 21. ಇದು ಅಪಾಯ ಹೆಚ್ಚಿರುವ ಟಿಐಎ ಮತ್ತು ಸಣ್ಣ ಸ್ಟ್ರೋಕಿಗೆ. ಎಲ್ಲರಿಗೂ ಅಲ್ಲ. ನಮ್ಮಲ್ಲಿ ಆಗುವ ತಪ್ಪು ಎರಡು ಬಗೆ: ಚೀಟಿ ತೋರಿಸಿ ವರ್ಷಗಟ್ಟಲೆ ಎರಡನ್ನೂ ನುಂಗುವುದು, ಅಥವಾ 21 ದಿನಕ್ಕೆ ಎರಡನ್ನೂ ಬಿಟ್ಟುಬಿಡುವುದು. ಒಂದು ಮುಂದುವರಿಯಬೇಕು. ಯಾವುದು ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ.

ಇಸಿಜಿ ಸರಿ ಇತ್ತು. ಮತ್ತೆ 24 ಗಂಟೆ ಎದೆಗೆ ವಯರು ಕಟ್ಟಿದ್ದು, ಕುತ್ತಿಗೆ ಸ್ಕ್ಯಾನ್ ಮಾಡಿದ್ದು ದುಡ್ಡಿಗಾ?

ಈ ಸಂಶಯ ನನಗೂ ಕೆಲವು ಪರೀಕ್ಷೆಗಳ ಬಗ್ಗೆ ಬರುತ್ತದೆ. ಇವೆರಡರ ಬಗ್ಗೆ ಇಲ್ಲ. ಏಟ್ರಿಯಲ್ ಫಿಬ್ರಿಲೇಷನ್ ಅನ್ನುವ ಬಡಿತದ ತಪ್ಪು ಬಂದು ಹೋಗುತ್ತಾ ಇರುತ್ತದೆ. ಹತ್ತು ಸೆಕೆಂಡಿನ ಇಸಿಜಿಗೆ ಸಿಗದೆ ಹೋಗಬಹುದು. ಸಿಕ್ಕಿದರೆ ಮದ್ದೇ ಬೇರೆ: ಆಸ್ಪಿರಿನ್ ಸಾಲದು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಬೇರೆ ಗುಂಪಿನ ಮಾತ್ರೆ ಬೇಕು. ಕುತ್ತಿಗೆಯ ರಕ್ತನಾಳ ಶೇಕಡಾ 70ಕ್ಕಿಂತ ಹೆಚ್ಚು ಮುಚ್ಚಿದ್ದರೆ ಆಪರೇಷನ್ನಿನಿಂದ ದೊಡ್ಡ ಲಾಭ ಉಂಟು. ಅದೂ ಎರಡು ವಾರದೊಳಗೆ ಮಾಡಿದರೆ ಜಾಸ್ತಿ. ಸ್ಕ್ಯಾನ್ ಮಾಡಿ ನೋಡದೆ ಮಾತ್ರೆ ಮಾತ್ರ ಕೊಟ್ಟರೆ ಆ ಅವಕಾಶ ತಪ್ಪುತ್ತದೆ.

ಗುರುವಾರದಿಂದ ಮೂರು ಸಲ ಬಂತು, ಮೂರು ಸಲವೂ ಹೋಯ್ತು. ಈ ಸಲ ಸ್ವಲ್ಪ ಜಾಸ್ತಿ ಹೊತ್ತು ಇತ್ತು. ಸೋಮವಾರಕ್ಕೆ ಅಪಾಯಿಂಟ್ಮೆಂಟ್ ಉಂಟು.

ಇದು ಪ್ರಶ್ನೆಯೇ ಅಲ್ಲ, ಆದರೂ ಡೈರಿಯಲ್ಲಿ ಮೂರು ಕಡೆ ಇದೆ. ಪದೇ ಪದೇ ಬರುತ್ತಿದ್ದರೆ, ಒಂದಕ್ಕಿಂತ ಒಂದು ಉದ್ದವಾಗುತ್ತಿದ್ದರೆ, ಯಾವುದೋ ರಕ್ತನಾಳ ಪೂರ್ತಿ ಮುಚ್ಚುವ ಹಂತಕ್ಕೆ ಬಂದಿರಬಹುದು. ಸೋಮವಾರದ ಟೋಕನ್ ಬಿಡಿ. ಯಾವತ್ತು, ಎಷ್ಟು ಹೊತ್ತಿಗೆ, ಯಾವ ಕೈ, ಎಷ್ಟು ನಿಮಿಷ ಅಂತ ಒಂದು ಚೀಟಿಯಲ್ಲಿ ಬರೆಯಿರಿ. ದಿನಾ ನುಂಗುವ ಮಾತ್ರೆಗಳ ಕವರು ಹಿಡಿದುಕೊಳ್ಳಿ. ಗಾಡಿ ಬರುವವರೆಗೆ ಅವರನ್ನು ಒಬ್ಬರೇ ಬಿಡಬೇಡಿ, ಬಚ್ಚಲಿಗೆ ಹೋದರೆ ಚಿಲಕ ಹಾಕಲು ಬಿಡಬೇಡಿ. ಈಗಲೇ ಹೊರಡಿ.